ಕಪ್ತಾನರ ಪ್ರೊಟೆಸ್ಟ್ ಬರೆದ ದಿನಗಳು

ಮದ್ರಾಸು ಬಂದರಿನ ಎದುರಿಗಿದ್ದ ಒಂದು ನೋಟರಿ ಕಚೇರಿಯಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ಗುಮಾಸ್ತನಾಗಿದ್ದೆ. ಈಗ ಚನ್ನಪಟ್ಟಣದ ಮನೆಗೆ ಹಿಂದಿರುಗಿದ್ದೇನೆ. ನಮ್ಮ ಕಡೆಯ ಇಬ್ಬರು ಮೂವರು ಯುವಕರು ಈಚೆಗೆ ಮದ್ರಾಸು, ಬೊಂಬಾಯಿಗಳ ಇಂಥ ಕಚೇರಿಗಳಿಗೆ ಸೇರಿದ್ದಾರೆ. ಹೊರಡುವ ಮುಂಚೆ ಬಂದು, ಅಲ್ಲಿ ಕೆಲಸ ಹೇಗಿರುತ್ತದೆ ಎಂದು ಕೇಳಿದರು. ಜಗಲಿಯ ಮೇಲೆ ಕೂತು ಹೇಳಿದ್ದು ಅರ್ಧಕ್ಕೇ ನಿಂತಿತು. ಉಳಿದದ್ದನ್ನು ಬರೆದಿಡುತ್ತಿದ್ದೇನೆ. ನಾನು ಯಾವಾಗ ಹೆಡ್ ಗುಮಾಸ್ತನಾದೆ ಎಂಬುದು ಅವರಿಗೆ ಬೇಕಾಗಿಲ್ಲ. ಎಲ್ಲಿ ಎಡವಿದೆ, ಯಾರಿಂದ ಕಲಿತೆ ಎಂಬುದು ಬೇಕಾದೀತು.

ಕಡಲು ಕಾಣದ ಊರಿನವರಿಗೆ ಮೊದಲು ಪ್ರೊಟೆಸ್ಟ್ ಎಂದರೇನೆಂದು ಹೇಳಬೇಕು. ಹಡಗೊಂದು ದಾರಿಯಲ್ಲಿ ಬಿರುಗಾಳಿಗೆ ಸಿಕ್ಕಿತೆನ್ನಿ. ಒಳಗಿನ ಸರಕು ನೆನೆದಿರಬಹುದು, ಒಡೆದಿರಬಹುದು, ಬೆವೆತು ಕೊಳೆತಿರಬಹುದು. ಬಂದರು ಮುಟ್ಟಿದ ಇಪ್ಪತ್ತನಾಲ್ಕು ಗಂಟೆಯೊಳಗೆ, ಸರಕಿನ ಕೋಣೆಯ ಮುಚ್ಚಳ ತೆರೆಯುವುದಕ್ಕೂ ಮುಂಚೆ, ಕಪ್ತಾನ ನೋಟರಿಯ ಮುಂದೆ ಬಂದು, "ಇಂಥ ದಿನ ಇಂಥ ಕಡೆ ಬಿರುಗಾಳಿ ಹೊಡೆಯಿತು, ನಾವು ಕೈಲಾದದ್ದೆಲ್ಲ ಮಾಡಿದೆವು, ಸರಕು ಕೆಟ್ಟಿದ್ದರೆ ಅದು ಸಮುದ್ರದ ಉಪದ್ರವ, ಹಡಗಿನವರ ತಪ್ಪಲ್ಲ" ಎಂದು ಬರೆಸುತ್ತಾನೆ. ಅದೇ ಪ್ರೊಟೆಸ್ಟ್. ಮೊದಲ ದಿನ ನಾಲ್ಕು ಸಾಲಿನಲ್ಲಿ ಗುರುತು ಹಾಕಿಸಿ ಹೋಗುವುದು. ಆಮೇಲೆ ಲಾಗ್ ಪುಸ್ತಕ, ಅಂದರೆ ಹಡಗಿನ ದಿನಚರಿ ತಂದು, ಇಬ್ಬರು ನೌಕರರನ್ನೂ ಕರೆತಂದು, ವಿಸ್ತಾರವಾಗಿ ಬರೆಸಿ ಪ್ರಮಾಣ ಮಾಡುವುದು. ಸರಕಿನ ಒಡೆಯ ನಷ್ಟ ಕೇಳಿದರೆ ಕಪ್ತಾನ ಮೊದಲು ಎತ್ತಿ ಹಿಡಿಯುವುದು ಈ ಕಾಗದವನ್ನೇ. ಅದನ್ನು ಬರೆಯುವುದು ನನ್ನ ಕೆಲಸ.

ನನ್ನ ತಾಯಿಯ ತವರು ಹೊಂಗನೂರು. ಅಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ನಾನು ಬೆಳೆದದ್ದು ಹುಳುವಿನ ತಟ್ಟೆಗಳ ನಡುವೆ. ಕಡಲು ನೋಡಿದ್ದು ಕೆಲಸಕ್ಕೆ ಸೇರಿದ ದಿನವೇ.

ಸೇರಿದ ಎರಡನೇ ತಿಂಗಳಲ್ಲಿ ದೊಡ್ಡ ತಪ್ಪು ಮಾಡಿದೆ. ಒಬ್ಬ ಕಪ್ತಾನ, "ಗಾಳಿ ಪಶ್ಚಿಮದ್ದು, ನೀರಿನ ಸೆಳೆತ ಪೂರ್ವದ್ದು, ಎರಡೂ ಸೇರಿ ಹಡಗನ್ನು ಮರಳ ದಿಬ್ಬಕ್ಕೆ ನೂಕಿದವು" ಎಂದು ಹೇಳಿದ. ಒಂದು ಪಶ್ಚಿಮ, ಒಂದು ಪೂರ್ವ, ಎರಡೂ ಸೇರುವುದೆಂದರೇನು? ಪಾಪ, ದಣಿದು ತಪ್ಪು ಹೇಳಿದ್ದಾನೆ ಎಂದುಕೊಂಡು ನಾನೇ ತಿದ್ದಿ, ಸೆಳೆತವೂ ಪಶ್ಚಿಮದ್ದು ಎಂದು ಬರೆದೆ.

ನಮ್ಮ ನೋಟರಿ ಅರುಣಾಚಲ ಮೊದಲಿಯಾರರು. ಅರವತ್ತು ದಾಟಿದವರು, ತೆಳ್ಳಗೆ, ಎತ್ತರ. ಓದುವಾಗ ಕನ್ನಡಕವನ್ನು ಹಣೆಗೆ ಏರಿಸಿ ಕಾಗದವನ್ನು ಮೂಗಿಗೆ ಹಿಡಿಯುತ್ತಿದ್ದರು. ಆ ಸಾಲಿಗೆ ಬಂದವರು ನಿಂತರು.

"ಇದು ಕಪ್ತಾನ ಹೇಳಿದ್ದೋ, ನೀನು ಹೇಳಿದ್ದೋ?"

ನಾನು ವಿವರಿಸಿದೆ. ಅವರು ಬೈಯಲಿಲ್ಲ. ಕೊಡೆ ತೆಗೆದುಕೊಂಡು ನನ್ನನ್ನು ಬಂದರಿನ ಕಟ್ಟೆಗೆ ಕರೆದುಕೊಂಡು ಹೋದರು. ಕೈವಸ್ತ್ರ ಹಿಡಿದು ನಿಲ್ಲಲು ಹೇಳಿ, ಒಂದು ತೆಂಗಿನ ಸಿಪ್ಪೆಯನ್ನು ನೀರಿಗೆ ಎಸೆದರು. "ಗಾಳಿಗೆ ಅದು ಬರುವ ದಿಕ್ಕಿನ ಹೆಸರು. ಸೆಳೆತಕ್ಕೆ ಅದು ಹೋಗುವ ದಿಕ್ಕಿನ ಹೆಸರು. ನೀನು ತಿದ್ದಿದ್ದು ಕೋರ್ಟಿಗೆ ಹೋಗಿದ್ದರೆ ಆ ಮನುಷ್ಯ ಸುಳ್ಳುಗಾರನಾಗುತ್ತಿದ್ದ. ಅರ್ಥವಾಗದಿದ್ದರೆ ಕೇಳು. ತಿದ್ದಬೇಡ." ಆ ಮಧ್ಯಾಹ್ನವೆಲ್ಲ ನಾನು ಕೈವಸ್ತ್ರ ಹಿಡಿದುಕೊಂಡು ಕಟ್ಟೆಯ ಮೇಲೆ ನಿಂತಿದ್ದೆ. ಕೂಲಿಗಳು ನೋಡಿ ನಕ್ಕರು.

ಎಲ್ಲ ಕಪ್ತಾನರೂ ಒಂದೇ ತೆರನವರಲ್ಲ. ರಂಗೂನಿಗೆ ಓಡಾಡುತ್ತಿದ್ದ ಒಬ್ಬನಿಗೆ ಪ್ರತಿ ಸಲವೂ ಬಿರುಗಾಳಿ ಸಿಕ್ಕುತ್ತಿತ್ತು. ಅವನ ಹಳೆಯ ಪ್ರೊಟೆಸ್ಟಿನ ತಾರೀಖು ಬದಲಾಯಿಸಿದರೆ ಸಾಕು ಎಂದು ನಾವು ಗುಮಾಸ್ತರು ತಮಾಷೆ ಮಾಡುತ್ತಿದ್ದೆವು. ಒಮ್ಮೆ ಮೊದಲಿಯಾರರು, "ನೀವು ಹೇಳುವ ಆ ದಿನವೇ ನನ್ನ ಅಳಿಯ ಅದೇ ದಾರಿಯಲ್ಲಿ ಬಂದ. ಡೆಕ್ಕಿನ ಮೇಲೆ ಕೂತು ಇಸ್ಪೀಟು ಆಡಿದನಂತೆ" ಎಂದರು. ಕಪ್ತಾನ ಟೋಪಿ ತೆಗೆದುಕೊಂಡು ಎದ್ದು ಹೋದ. ಕೆಲವು ವರ್ಷಗಳ ಮೇಲೆ ಹಡಗುಗಳಿಗೆ ತಂತಿಯಿಲ್ಲದ ಟೆಲಿಗ್ರಾಫು ಬಂತು. ಒಂದು ಹಡಗಿನ ಗಾಳಿಯ ಸುದ್ದಿ ಇನ್ನೊಂದಕ್ಕೆ ಗಂಟೆಯೊಳಗೆ ತಿಳಿಯುವಂತಾಯಿತು, ಇಲ್ಲದ ಬಿರುಗಾಳಿಗಳೂ ಕಡಿಮೆಯಾದವು. ಟೈಪ್ ಯಂತ್ರವೂ ಬಂತು. ಕೈಯಲ್ಲಿ ಬರೆಯುವಾಗ ಪ್ರತಿ ಮಾತೂ ತಲೆಯೊಳಗೆ ಹಾದು ಬರುತ್ತಿತ್ತು. ಯಂತ್ರದಲ್ಲಿ ಬೆರಳೇ ಮುಂದೆ ಓಡುತ್ತದೆ. ಹೊಸಬರು ಇದನ್ನು ನೆನಪಿಡಬೇಕು.

ಆದರೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಕಪ್ತಾನ ಡಂಕನ್ನರ ಸಂಗತಿ.

ಅದು ಟೈಪ್ ಯಂತ್ರಕ್ಕೂ ಮುಂಚಿನ ಮಾತು. ಒಂದು ವರ್ಷ ಮೇ ತಿಂಗಳಲ್ಲಿ ಜಪಾನಿನಿಂದ ಹಾಂಗ್‌ಕಾಂಗ್, ಸಿಂಗಪುರ, ಪೆನಾಂಗ್ ದಾರಿಯಾಗಿ ಒಂದು ಉಗಿಹಡಗು ಬಂತು. ಅದರ ಕಪ್ತಾನ ಡಂಕನ್. ಸ್ಕಾಟ್ಲೆಂಡಿನವರು, ಐವತ್ತರ ಸಮೀಪ, ಮಾತು ಕಡಿಮೆ. ಬಾಯಲ್ಲಿ ಸದಾ ಒಂದು ಪೈಪು. ಬಿರುಗಾಳಿ ನಿಜವಾಗಿಯೇ ಹೊಡೆದಿತ್ತು. ಮದ್ರಾಸಿನಲ್ಲೇ ಎರಡು ದಿನ ಅಲೆ ಕಟ್ಟೆಯನ್ನು ಹಾರುತ್ತಿತ್ತು. ಬಂಗಾಳ ಕೊಲ್ಲಿಯಲ್ಲಿ ಎರಡೂವರೆ ದಿನ ಗಾಳಿಕಿಂಡಿಗಳನ್ನೆಲ್ಲ ಮುಚ್ಚಬೇಕಾಯಿತು, ಒಳಗೆ ಕಾವು ಹೆಚ್ಚಿ ಸರಕು ಕೆಟ್ಟಿರಬಹುದು ಎಂದು ಅವರು ಹೇಳಿದರು. ನಾನು ಬರೆದೆ. ವಿಸ್ತಾರದ ಪ್ರೊಟೆಸ್ಟಿಗೆ ವಾರದ ಮೇಲೆ ಬರುವುದೆಂದು ಗೊತ್ತಾಯಿತು.

ನಾಲ್ಕನೇ ದಿನ ಕಚೇರಿಗೆ ಒಬ್ಬರು ಬಂದರು. ಕಚ್ಚೆ ಪಂಚೆ, ತಲೆಗೆ ರುಮಾಲು, ಹಣೆಯಲ್ಲಿ ವಿಭೂತಿ, ಕಂಕುಳಲ್ಲಿ ಒಂದು ಗಂಟು. ಹರುಕು ಮುರುಕು ತಮಿಳಿನಲ್ಲಿ, ಆ ಹಡಗಿನ ಕಾಗದದ ನಕಲು ಬೇಕೆಂದು ಕೇಳಿದರು. ಆ ತಮಿಳಿನಲ್ಲೇ ಊರಿನ ವಾಸನೆ ಬಡಿಯಿತು.

"ಯಾವೂರು ತಮ್ಮದು?" ಎಂದು ಕನ್ನಡದಲ್ಲಿ ಕೇಳಿದೆ.

ಅವರ ಮುಖ ಅರಳಿತು. "ಸದ್ಯ, ಕನ್ನಡ ಮಾತಾಡೋರು ಸಿಕ್ಕುದ್ರಲ್ಲಪ್ಪ! ಕೈಲಾಂಚ ಕಣ್ ಸ್ವಾಮಿ, ಕ್ಲೋಸ್‌ಪೇಟೆ ತಾವ. ರುದ್ರಪ್ಪ ಅಂತ. ತಾವು?"

"ಚನ್ನಪಟ್ಟಣ. ಚನ್ನವೀರಯ್ಯ."

"ಹಂಗಾರೆ ನಮ್ಮೋರೇ ಬುಡಿ ಅಯ್ನೋರೆ."

ಅವರು ಗಂಟು ಬಿಚ್ಚಿದರು. ಒಳಗೆ ಗೇಣುದ್ದದ ದಪ್ಪ ಕಾಗದಗಳು. ಜಪಾನಿನವರು ರೇಷ್ಮೆ ಚಿಟ್ಟೆಗಳಿಂದ ಇಂಥ ಕಾಗದದ ಮೇಲೇ ಮೊಟ್ಟೆ ಇಡಿಸಿ, ತಣ್ಣಗಿನ ಪೆಟ್ಟಿಗೆಯಲ್ಲಿ ಕಳಿಸುತ್ತಾರೆ. ತಣ್ಣಗಿರುವತನಕ ಮೊಟ್ಟೆ ಮಲಗಿರುತ್ತದೆ. ಆದರೆ ಈ ಕಾಗದಗಳ ಮೇಲಿನ ಮೊಟ್ಟೆಗಳೆಲ್ಲ ಒಡೆದು ಬರೀ ಬಿಳಿ ಸಿಪ್ಪೆಯಾಗಿದ್ದವು. ಹೊರಬಂದ ಮರಿಗಳು ಸೊಪ್ಪಿಲ್ಲದೆ ಸತ್ತು, ಕಪ್ಪಗೆ ಒಣಗಿ, ಮುಟ್ಟಿದರೆ ಪುಡಿಯಾಗುತ್ತಿದ್ದವು.

"ಇಪ್ಪತ್ತು ಮನೆಯೋರ್ಗೆ ಹೇಳ್ಬುಟ್ಟಿದ್ದೆ," ಎಂದರು ರುದ್ರಪ್ಪ. "ಈ ಮುಂಗಾರಿಗೆ ನಾಡು ಮೊಟ್ಟೆ ತಗೋಬ್ಯಾಡಿ, ಜಪಾನಿಂದು ತರುಸ್ತೀನಿ, ಗೂಡು ಗಟ್ಟಿ ಬತ್ತದೆ ಅಂತ. ಬ್ಯಾಡ ಬ್ಯಾಡ ಅಂದೋರ್ನೂ ನಾನೇ ಒಪ್ಪುಸ್ದೆ. ಸೊಪ್ಪು ಬೆಳೆಸ್ಕೊಂಡು, ತಟ್ಟೆ ಸಾರ್ಸಿ ಇಟ್ಕೊಂಡು ಕಾಯ್ತಾ ಕೂತವ್ರೆ. ಇದ್ನ ತಗೊಂಡೋಗಿ ಏನಂತ ತೋರ್ಸ್ಲಿ?"

ನಾನು ಪ್ರೊಟೆಸ್ಟನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವರು ತಲೆ ಬಗ್ಗಿಸಿ ಕೇಳಿದರು.

"ಎಷ್ಟು ದಿನ ಇತ್ತಂತೆ ಗಾಳಿ?"

"ಎರಡೂವರೆ ದಿನ. ಇಲ್ಲಿಗೆ ಬರುವ ಹಿಂದಿನ ದಿನದವರೆಗೂ ಇತ್ತಂತೆ."

"ಎರಡೂವರೆ ದಿನಕ್ಕೆಲ್ಲ ಮೊಟ್ಟೆ ಒಡೀತದಾ?" ಎಂದು ನನ್ನ ಮುಖ ನೋಡಿದರು.

ಒಡೆಯುವುದಿಲ್ಲ. ಹೊಂಗನೂರಿನ ಮನೆಯಲ್ಲಿ ಇದನ್ನು ನಾನು ನೂರು ಸಲ ಕಂಡಿದ್ದೆ. ಕಾವು ತಗಲಿದ ಮೇಲೆ ಹತ್ತು ದಿನವಾದರೂ ಬೇಕು. ಒಡೆಯುವ ಹಿಂದಿನ ದಿನ ಮೊಟ್ಟೆ ನೀಲಿ ತಿರುಗುತ್ತದೆ. ಇಲ್ಲಿ ಮರಿ ಹೊರಬಂದು, ಸತ್ತು, ಒಣಗಿಯೂ ಆಗಿತ್ತು. ಹಡಗಿನಲ್ಲಿ ಈ ಪೆಟ್ಟಿಗೆಗೆ ಕಾವು ತಗಲಿದ್ದು ಬಿರುಗಾಳಿಗಿಂತ ಎಷ್ಟೋ ದಿನ ಮುಂಚೆ. ಇದೆಲ್ಲ ಒಂದು ಕ್ಷಣದಲ್ಲಿ ನನ್ನ ತಲೆಯೊಳಗೆ ಓಡಿತು. ಆದರೆ ಕಪ್ತಾನ ನಮ್ಮ ಕಚೇರಿಯನ್ನು ನಂಬಿ ಬರೆಸಿದವರು. ಅವರ ಕಾಗದದ ಮೇಲೆ ಇನ್ನೊಬ್ಬರ ಎದುರಿಗೆ ನಾನು ಬಾಯಿ ಬಿಡುವಂತಿರಲಿಲ್ಲ. ಬರೆದಿಟ್ಟಿದ್ದ ನಕಲನ್ನು ಮುಂದಕ್ಕೆ ಎಳೆದುಕೊಂಡೆ.

ರುದ್ರಪ್ಪನವರೇ ಸಮಾಧಾನ ಮಾಡಿಕೊಂಡರು. "ಜಪಾನಿಂದು ಹಂಗೇಯ ಏನೋ. ನಮಗೇನ್ ಗೊತ್ತು. ಗಾಳಿ ಮಳೆ ಬಂದ್ರೆ ಹಡಗಿನೋರಾದ್ರೂ ಏನ್ ಮಾಡಕಾಯ್ತದೆ, ಅಲ್ವರಾ?" ನಾನು ನಕಲಿಗೆ ಮೊಹರು ಹಾಕುತ್ತಿದ್ದೆ. ಅವರು ಬಗ್ಗಿ ನೋಡಿದರು. "ಇದು ನಿಮ್ಮ ಕೈಬರವಣ್ಗೆಯಾ? ದುಂಡಗೆ, ಬಲು ಚೆಂದಾಗೈತೆ." ಒಂದು ಕಾಗದವನ್ನು ನನ್ನ ಮೇಜಿನ ಮೇಲೇ ಬಿಟ್ಟು, ಕೈಮುಗಿದು ಹೋದರು.

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸಂಜೆ ಮೊದಲಿಯಾರರ ಮುಂದೆ ಆ ಕಾಗದವಿಟ್ಟು ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ಹಣೆಗೇರಿಸಿ ಒಣಗಿದ ಮರಿಗಳನ್ನು ಬಹಳ ಹೊತ್ತು ನೋಡಿದರು.

"ನಿನಗೆ ಖಂಡಿತ ಗೊತ್ತೋ? ಹುಳುವಿನ ವಿಷಯದಲ್ಲಿ?"

"ಸೆಳೆತದ ವಿಷಯದಲ್ಲಿ ಗೊತ್ತಿರಲಿಲ್ಲ. ಇದು ಗೊತ್ತು."

ಅವರು ಸ್ವಲ್ಪ ನಕ್ಕರು, ಮತ್ತೆ ಗಂಭೀರರಾದರು. "ನಿಮ್ಮ ಊರಿನವನಿಗೆ ಏನೂ ಹೇಳಬೇಡ. ಕಪ್ತಾನ ಬಂದಾಗ ಅವನನ್ನು ಕೇಳು. ಕೇಳುವುದಕ್ಕೆ ನಮಗೆ ಹಕ್ಕಿದೆ. ಏನು ಬರೆಸಬೇಕೆಂಬುದು ಅವನ ಇಷ್ಟ. ಅವನು ಮೊದಲಿನಂತೆಯೇ ಬರೆಸಿದರೆ ನೀನು ಅದನ್ನೇ ಬರೆಯುತ್ತೀಯೆ. ತಿಳಿಯಿತೋ?"

ತಿಳಿಯಿತೆಂದೆ. ಆ ಮೂರು ದಿನ ಊಟ ಸೇರಲಿಲ್ಲ. ಕನಕಪುರದವಳಾದ ನನ್ನ ಹೆಂಡತಿ, "ಯಾಕೆ, ಏನಾಯ್ತು?" ಎಂದು ಕೇಳಿ ಕೇಳಿ ಸಾಕಾಗಿ ಸುಮ್ಮನಾದಳು. ರುದ್ರಪ್ಪನವರು ಕೈಲಾಂಚದಲ್ಲಿ ಬಂಡಿಯಿಂದ ಇಳಿಯುವುದು, ಇಪ್ಪತ್ತು ಮನೆಯವರು ಬಂದು ಸುತ್ತ ನಿಲ್ಲುವುದು, ಇದೇ ಕಣ್ಣ ಮುಂದೆ ಬರುತ್ತಿತ್ತು. ಕೆಲಸ ಬಿಟ್ಟು ಹೋಗಿ ಅವರಿಗೆ ಹೇಳಿಬಿಡಲೇ ಎಂದೂ ಯೋಚಿಸಿದೆ. ಮಾಡಲಿಲ್ಲ.

ಗೊತ್ತಾದ ದಿನ ಡಂಕನ್ ಬಂದರು. ಜೊತೆಗೆ ಅವರ ಕೈಕೆಳಗಿನ ಮೊದಲ ಅಧಿಕಾರಿಯಾದ ಮೇಟ್, ಇನ್ನೂ ಮೂವತ್ತಾಗದವನು. ಮತ್ತೆ ಹಡಗಿನ ಬಡಗಿ. ಲಾಗ್ ನೋಡಿಕೊಂಡು ಬಿರುಗಾಳಿಯ ಭಾಗವನ್ನೆಲ್ಲ ಬರೆದಾಯಿತು. ಆಮೇಲೆ ನಾನು ಕೇಳಿದೆ:

"ಜಪಾನಿನ ರೇಷ್ಮೆ ಮೊಟ್ಟೆಯ ಪೆಟ್ಟಿಗೆ ಎಲ್ಲಿತ್ತು?"

"ಮಂಜುಗಡ್ಡೆ ಕೋಣೆಯ ಪಕ್ಕದಲ್ಲಿ," ಎಂದ ಮೇಟ್, ತಡಮಾಡದೆ.

"ಮೊದಲಿಂದ ಕೊನೆಯವರೆಗೂ?"

"ಅದನ್ನೇಕೆ ಕೇಳುತ್ತೀರಿ?" ಎಂದರು ಡಂಕನ್.

ನಾನು ಕಾಗದವನ್ನು ಅವರ ಮುಂದಿಟ್ಟೆ. ಮಾತು ತೊದಲಿತು, ಇಂಗ್ಲಿಷು ಕೈಕೊಟ್ಟಿತು. ಆದರೂ ಹೇಳಿದೆ. ನನ್ನ ತಾಯಿ ಹುಳು ಸಾಕುತ್ತಿದ್ದಳು. ಕಾವು ತಗಲಿ ಹತ್ತು ದಿನವಾಗದೆ ಮೊಟ್ಟೆ ಒಡೆಯುವುದಿಲ್ಲ. ಒಡೆದ ಮರಿ ಹೀಗೆ ಒಣಗಬೇಕಾದರೆ ಇನ್ನೂ ಮೂರು ನಾಲ್ಕು ದಿನ. ನಿಮ್ಮ ಬಿರುಗಾಳಿ ಎರಡೂವರೆ ದಿನದ್ದು.

ಡಂಕನ್ ಒಂದು ಮರಿಯನ್ನು ಬೆರಳ ತುದಿಯಿಂದ ಮುಟ್ಟಿದರು. ಅದು ಪುಡಿಯಾಯಿತು. ಅವರು ಮೇಟ್ ಕಡೆ ತಿರುಗಿದರು. ಹುಡುಗನ ಕಿವಿ ಕೆಂಪಾಯಿತು.

"ಹಾಂಗ್‌ಕಾಂಗಿನಲ್ಲಿ ಮಾಂಸ ಹೆಚ್ಚು ತುಂಬಿದೆವು, ಸರ್. ಜಾಗ ಸಾಲಲಿಲ್ಲ. ಪೆಟ್ಟಿಗೆಯನ್ನು ಎಂಜಿನ್ ಕೋಣೆಯ ಗೋಡೆಯ ಪಕ್ಕಕ್ಕೆ ಸರಿಸಿದೆ. ನೀವು ದಡದಲ್ಲಿದ್ದಿರಿ. ಬರೀ ಕಾಗದ ಎಂದುಕೊಂಡೆ."

ಡಂಕನ್ ಪೈಪನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟರು. "ಇದನ್ನೂ ಬರೆಯಿರಿ," ಎಂದರು.

ಮೊದಲಿಯಾರರು ಕೈಯೆತ್ತಿ ತಡೆದರು. "ಕಪ್ತಾನರೇ, ಸ್ವಲ್ಪ ಯೋಚಿಸಿ. ಇದು ನಿಮ್ಮ ರಕ್ಷಣೆಗೆ ಮಾಡುವ ಕಾಗದ. ಆ ಒಂದು ಪೆಟ್ಟಿಗೆಯ ಮಾತು ಬರೆಯದಿದ್ದರೂ ಉಳಿದದ್ದೆಲ್ಲ ನಿಜವೇ. ಬರೆದರೆ ನಿಮ್ಮ ಕಂಪನಿ ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ. ಇದನ್ನು ಹೇಳುವುದು ನನ್ನ ಕರ್ತವ್ಯ."

"ಆ ಪೆಟ್ಟಿಗೆಯವನು ಎಲ್ಲಿದ್ದಾನೆ?" ಎಂದು ಡಂಕನ್ ನನ್ನನ್ನು ಕೇಳಿದರು.

"ಊರಿಗೆ ಹೋದರು. ಇಪ್ಪತ್ತು ಮನೆಯವರು ಅವರ ಮಾತು ನಂಬಿ ಕಾಯುತ್ತಿದ್ದಾರೆ."

"ಅವನು ಬಿರುಗಾಳಿಯನ್ನು ನಂಬಿದನೇ?"

"ನಂಬಿದರು."

"ಬರೆಯಿರಿ," ಎಂದರು ಡಂಕನ್ ಮತ್ತೆ. "ಮೇಟ್ ಹೆಸರು ಬೇಡ. ಪೆಟ್ಟಿಗೆಯನ್ನು ಸರಿಸಲಾಯಿತು, ಕಪ್ತಾನ ವಿಚಾರಿಸಲಿಲ್ಲ, ಎಂದು ಬರೆಯಿರಿ."

ಬರೆದೆ. ಆ ಪುಟದ ಅಕ್ಷರ ಮಾತ್ರ ದುಂಡಗೆ ಬರಲಿಲ್ಲ. ಪ್ರಮಾಣದ ಮಾತನ್ನು ಮೊದಲಿಯಾರರು ಎದ್ದು ನಿಂತು ಓದಿದರು. ಅಷ್ಟು ವರ್ಷಗಳಲ್ಲಿ ಅವರು ಎದ್ದು ನಿಂತು ಓದಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಮೇಲಿನದು ಬೇಗ ನಡೆಯಿತು. ಹೊಸ ಕಾಗದದ ನಕಲನ್ನು ಮೊದಲಿಯಾರರ ಅಪ್ಪಣೆಯಂತೆ ಕೈಲಾಂಚಕ್ಕೆ ಅಂಚೆಯಲ್ಲಿ ಕಳಿಸಿದೆವು. ವಾದಕ್ಕೆ ನಿಲ್ಲದೆ ಕಂಪನಿ, ಮುಂದಿನ ವರ್ಷ ಅಷ್ಟೇ ಮೊಟ್ಟೆಯನ್ನು ತಾನೇ ತರಿಸಿಕೊಡಲು ಒಪ್ಪಿತು. ಡಂಕನ್ನರಿಂದ ಹಡಗನ್ನು ಕಿತ್ತುಕೊಂಡಿತು. ಅವರಿಗೆ ಬೇರೆ ಕಡೆ ಕೆಲಸ ಸಿಕ್ಕಿದ್ದು ಎಷ್ಟೋ ತಿಂಗಳ ಮೇಲೆ, ಕರಾವಳಿಯ ಒಂದು ಸಣ್ಣ ಹಡಗಿನಲ್ಲಿ, ಇನ್ನೊಬ್ಬ ಕಪ್ತಾನನ ಕೈಕೆಳಗೆ. ಇದು ನನ್ನ ಪ್ರಶ್ನೆಯಿಂದ ಆದದ್ದು. ನಾನು ಮಾಡಿದ್ದು ಸರಿ ಎಂದು ಮೊದಲಿಯಾರರು ಹೇಳಿದರು. ಸರಿ ಎಂದು ನನಗೂ ಗೊತ್ತಿತ್ತು. ಆದರೂ ಬಂದರಿನಲ್ಲಿ ಆ ಸಣ್ಣ ಹಡಗು ಕಂಡಾಗಲೆಲ್ಲ ನಾನು ಬೇರೆ ದಾರಿ ಹಿಡಿಯುತ್ತಿದ್ದೆ.

ಮುಂದಿನ ವರ್ಷ ಮೊಟ್ಟೆ ಚೆನ್ನಾಗಿಯೇ ಬಂತು. ಅದು ಬಂದ ಸುಮಾರು ಒಂದು ತಿಂಗಳ ಮೇಲೆ ಡಂಕನ್ ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನಿಂತರು. ನಾನು ಗಾಬರಿಯಿಂದ ಎದ್ದೆ.

"ನನ್ನ ಹಡಗು ರಿಪೇರಿಯಲ್ಲಿದೆ. ಎಂಟು ದಿನ ಬಿಡುವು," ಎಂದರು. "ಆ ಹುಳುವನ್ನು ನಾನು ಸತ್ತದ್ದು ಮಾತ್ರ ನೋಡಿದ್ದೇನೆ. ಬದುಕಿರುವುದನ್ನು ತೋರಿಸುತ್ತೀರಾ?"

ನಾನು ರಜೆ ಹಾಕಿದೆ. ಇಬ್ಬರೂ ರೈಲಿನಲ್ಲಿ ಬೆಂಗಳೂರಿಗೆ, ಅಲ್ಲಿಂದ ಕ್ಲೋಸ್‌ಪೇಟೆಗೆ, ಅಲ್ಲಿಂದ ಎತ್ತಿನ ಬಂಡಿಯಲ್ಲಿ ಕೈಲಾಂಚಕ್ಕೆ ಹೋದೆವು. ರುದ್ರಪ್ಪನವರು ಹೊರಗೆ ಸೊಪ್ಪು ಕತ್ತರಿಸುತ್ತಿದ್ದರು. ನನ್ನನ್ನು ಕಂಡು, "ಅಯ್ನೋರೆ! ಬರ್ರಿ ಬರ್ರಿ!" ಎಂದು ಎದ್ದವರು ಜೊತೆಗಿದ್ದ ಬಿಳಿ ದೊರೆಯನ್ನು ನೋಡಿ ನಿಂತರು. "ಯಾರಿವ್ರು?"

"ಆ ಹಡಗಿನ ಕಪ್ತಾನರು," ಎಂದೆ. "ಇನ್ನೊಂದು ಮಾತು ಹೇಳಬೇಕು. ಎರಡೂವರೆ ದಿನಕ್ಕೆ ಮೊಟ್ಟೆ ಒಡೆಯುತ್ತದಾ ಅಂತ ನೀವು ಅವತ್ತು ಕೇಳಿದಿರಲ್ಲ, ಒಡೆಯುವುದಿಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು. ಹೇಳಲಿಲ್ಲ."

ರುದ್ರಪ್ಪನವರು ಕುಡುಗೋಲು ಕೆಳಗಿಟ್ಟರು. "ಆ ಮುಂಗಾರು ಊರಲ್ಲಿ ಯಾರೂ ನನ್ನ ಮಾತಾಡುಸ್ನಿಲ್ಲ ಅಯ್ನೋರೆ," ಎಂದರು ಮೆಲ್ಲಗೆ. "ಆ ಎರಡನೇ ಕಾಗದ ಬಂದು, ಶಾನುಭೋಗ್ರು ಓದಿ ಹೇಳೋಗಂಟ." ಡಂಕನ್ನರ ಕಡೆ ತಿರುಗಿದರು. "ಅದ್ನ ಬರೆಸ್ದೋರು ಇವ್ರೇಯಾ?"

"ಇವರೇ. ಅದಕ್ಕೇ ಇವರ ಹಡಗು ಹೋಯಿತು."

ಅಷ್ಟರಲ್ಲಿ ರುದ್ರಪ್ಪನವರ ತಾಯಿ ಗೌರಮ್ಮನವರು ಬಾಗಿಲಿಗೆ ಬಂದರು. ಅವರ ಕಣ್ಣು ನೇರವಾಗಿ ದೊರೆಯ ಪೈಪಿನ ಮೇಲೆ ಬಿತ್ತು. "ಹೊಗೆಸೊಪ್ಪಿನ ವಾಸ್ನೆ ಹೊಡುದ್ರೆ ಹುಳ ಸತ್ತೋಯ್ತವೆ. ಅದ್ನ ಆಚ್ಗೆ ಇಟ್ಟು, ಕೈಕಾಲು ಬಾಯಿ ತೊಳ್ಕೊಂಡು ಒಳಕ್ ಬರಾಕ್ ಹೇಳು, ಆ ಯಪ್ಪಂಗೆ."

ನಾನು ಹೇಳಿದೆ. ಡಂಕನ್ ಪೈಪನ್ನು ಜಗಲಿಯ ಮೇಲಿಟ್ಟು, ಬೂಟು ಬಿಚ್ಚಿ, ತೊಟ್ಟಿಯ ಬಳಿ ಮೊಣಕೈವರೆಗೂ ತೊಳೆದುಕೊಂಡು ಎರಡು ಸಲ ಬಾಯಿ ಮುಕ್ಕಳಿಸಿದರು.

ಒಳಗೆ ಅರೆಗತ್ತಲು. ಗೋಡೆಯುದ್ದಕ್ಕೂ ತಟ್ಟೆಗಳು. ಜಪಾನಿನ ಹುಳು ನಮ್ಮ ಸೆಕೆಗೆ ಒಗ್ಗಿರಲಿಲ್ಲ; ಅರ್ಧಕ್ಕರ್ಧ ಸತ್ತು ಹೊರಗೆ ಹಾಕಿಯಾಗಿತ್ತು. ಉಳಿದವು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ ಮುಗಿಸಿ, ಬೆರಳುದ್ದ ಬೆಳೆದು, ಹಸಿವಿನಿಂದ ಸೊಪ್ಪು ಮೇಯುತ್ತಿದ್ದವು. ಆ ಸದ್ದು ಮನೆಯೆಲ್ಲ ತುಂಬಿತ್ತು. ಡಂಕನ್ ತಟಕ್ಕನೆ ನಿಂತು ಕಿವಿಗೊಟ್ಟರು. "ಮಳೆ," ಎಂದರು. ನಾನು ಉತ್ತರ ಕೊಡುವುದರೊಳಗೆ ಬರಿಗಾಲಲ್ಲೇ ಹೊರಗೆ ಹೋಗಿ, ಅಂಗಳದ ನಡುವೆ ನಿಂತು ಆಕಾಶ ನೋಡಿದರು. ಒಂದು ಮೋಡವೂ ಇರಲಿಲ್ಲ. ಬಿಸಿಲು ಹೊಡೆಯುತ್ತಿತ್ತು. ಒಳಗೆ ಬಂದು ತಟ್ಟೆಯ ಮೇಲೆ ಬಗ್ಗಿ ಮತ್ತೆ ಕೇಳಿದರು. ಅವರ ಮುಖವನ್ನು ನೋಡಲಾರದೆ ನಾನು ಬೇರೆ ಕಡೆ ನೋಡಿದೆ.

ಗೌರಮ್ಮನವರು ಸೊಪ್ಪಿನ ಕುಕ್ಕೆಯನ್ನು ಅವರ ಕೈಗೆ ಕೊಟ್ಟರು. ಡಂಕನ್ ಅಂಜುತ್ತಾ ಒಂದೊಂದೇ ಎಲೆ ಎತ್ತಿ, ಹುಳುಗಳಿಗೆ ತಗಲದ ಹಾಗೆ ಅಂಚಿನಲ್ಲಿ ಇಡತೊಡಗಿದರು.

"ಹಂಗಲ್ಲ ಸ್ವಾಮಿ," ಎಂದು ರುದ್ರಪ್ಪನವರು ಮುಂದೆ ಬಂದರು. ದೊರೆಯ ಮಣಿಕಟ್ಟನ್ನು ಹಿಡಿದು, ಬೊಗಸೆ ತುಂಬ ಸೊಪ್ಪು ಎತ್ತಿಸಿ, ತಟ್ಟೆಯ ಮೇಲೆ ಸಮನಾಗಿ ಉದುರಿಸುವುದನ್ನು ತೋರಿಸಿದರು. "ಹಿಂಗೆ. ಎಲ್ಲಾಕೂ ಸಿಕ್ಬೇಕು."

ಆ ತಟ್ಟೆ ಮುಗಿಯಿತು. ಇಬ್ಬರೂ ಪಕ್ಕದ ತಟ್ಟೆಗೆ ಸರಿದರು.